ಮರುದಿನವಿಲ್ಲದ ನಗು: ನಶೆಯ ಹಾಸ್ಯಚಿತ್ರಗಳೂ ಹದಿಹರೆಯದ ಪ್ರೇಕ್ಷಕರೂ

ಗಾಂಜಾ ಸೇದಿದ ಇಬ್ಬರು ಗೆಳೆಯರು ಯಾವುದೋ ಸಣ್ಣ ಕೆಲಸಕ್ಕೆಂದು ಹೊರಡುತ್ತಾರೆ. ದಾರಿಯಲ್ಲಿ ಒಂದಾದ ಮೇಲೊಂದು ಪೇಚಿಗೆ ಸಿಕ್ಕಿಕೊಳ್ಳುತ್ತಾರೆ. ಬೆಳಗಾಗುವಷ್ಟರಲ್ಲಿ ಹೇಗೋ ಪಾರಾಗುತ್ತಾರೆ. ಹಾಲಿವುಡ್ ‘ಸ್ಟೋನರ್ ಕಾಮಿಡಿ’ ಎಂದು ಕರೆಯುವ ಚಿತ್ರಗಳ ಕಥೆ ಬಹುಪಾಲು ಇಷ್ಟೇ. ಚೀಚ್ ಮತ್ತು ಚಾಂಗ್ ಜೋಡಿಯ ‘ಅಪ್ ಇನ್ ಸ್ಮೋಕ್’ (1978) ಇದಕ್ಕೆ ದಾರಿ ಹಾಕಿತು. ಹಿಂದಿಯ ‘ಗೋ ಗೋವಾ ಗಾನ್’ (2013) ಅದೇ ದಾರಿಯಲ್ಲಿ ಜೋಂಬಿಗಳನ್ನು ತಂದು ನಿಲ್ಲಿಸಿತು. ಕನ್ನಡದಲ್ಲಿ ಗಾಂಜಾಕ್ಕೆ ಭಂಗಿ, ಸೊಪ್ಪು ಎಂದೆಲ್ಲ ಹೆಸರುಗಳಿದ್ದರೂ ಅದನ್ನೇ ನೆಚ್ಚಿಕೊಂಡ ಹಾಸ್ಯಚಿತ್ರಗಳ ಪರಂಪರೆ ಬೆಳೆದಿಲ್ಲ. ಆ ಜಾಗದಲ್ಲಿ ನಮಗಿರುವುದು ಹಾಸ್ಟೆಲ್ ಹುಡುಗರ ಸಿನಿಮಾ. ಅಲ್ಲಿನ ನಶೆ ಹೆಚ್ಚಾಗಿ ಬಾಟಲಿಯದು, ಸಿಗರೇಟಿನದು.

ಇಂಥ ಚಿತ್ರಗಳನ್ನು ಹದಿಹರೆಯದವರು ನೋಡಬಹುದೇ? ದಾವಣಗೆರೆಯಂಥ ಊರಿನಲ್ಲಿ ಇದು ಬರೀ ಚರ್ಚೆಗಾಗಿ ಎತ್ತುವ ಪ್ರಶ್ನೆಯಲ್ಲ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ಊರು ಈಗ ಕಾಲೇಜುಗಳಿಂದ, ಹಾಸ್ಟೆಲ್ಲು-ಪೀಜಿಗಳಿಂದ ತುಂಬಿದೆ. ಕೆ.ಬಿ. ಬಡಾವಣೆಯ ಮನೆಯಲ್ಲಿ ಕೂತು ಓದುವ ಹುಡುಗನಿರಲಿ, ಹರಿಹರದಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿಯಿರಲಿ, ಕೈಯಲ್ಲೊಂದು ಮೊಬೈಲಿದೆ. ಅದರಲ್ಲಿ ಈ ಚಿತ್ರಗಳೆಲ್ಲ ಇವೆ, ಇಲ್ಲದಿದ್ದರೆ ಅವುಗಳ ತುಣುಕುಗಳಿವೆ. ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳೂ ಇವೆ. ‘ನೋಡಿದರೆ ಮಕ್ಕಳು ಕೆಡುತ್ತಾರೆ’ ಎಂಬುದು ಮೊದಲನೆಯದು. ‘ಸಿನಿಮಾ ತಾನೇ, ನಕ್ಕು ಬಿಟ್ಟರಾಯಿತು’ ಎಂಬುದು ಎರಡನೆಯದು. ಎರಡೂ ಉತ್ತರಗಳಿಗೆ ಸಿನಿಮಾ ನೋಡುವ ಅಗತ್ಯವೇ ಇಲ್ಲ. ಅದೇ ಅವುಗಳ ತೊಂದರೆ.

ನಶೆಯೇರಿದವನನ್ನು ನೋಡಿ ನಗುವುದು ನಮಗೆ ಹೊಸದಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿದು. ಕಂಪನಿ ನಾಟಕಗಳಲ್ಲಿ ಕುಡುಕನ ಪಾತ್ರ ತೂರಾಡುತ್ತ ಬಂತೆಂದರೆ ಪ್ರೇಕ್ಷಕರು ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಅಂಥ ನಾಟಕಗಳಲ್ಲಿ ಸಾಮಾನ್ಯವಾಗಿ ಮುಂದಿನ ದೃಶ್ಯಕ್ಕೆ ಅವನ ಹೆಂಡತಿಯೂ ಬರುತ್ತಿದ್ದಳು. ಒಲೆ ಹೊತ್ತದ ಮನೆ, ಅಡವಿಟ್ಟ ಒಡವೆ, ಹಸಿದ ಮಗು ಅದೇ ರಂಗದ ಮೇಲಿರುತ್ತಿದ್ದವು. ಅದರಲ್ಲಿ ಉಪದೇಶ ಹೆಚ್ಚಾಯಿತು, ಕಣ್ಣೀರು ಹೆಚ್ಚಾಯಿತು ಎಂದು ಇಂದು ಅನ್ನಿಸಬಹುದು. ಆದರೆ ಕುಡಿತದ ಬೆಲೆ ಕೊಡುವವರು ಯಾರು ಎಂಬುದನ್ನು ಆ ನಾಟಕಗಳು ಮುಚ್ಚಿಡಲಿಲ್ಲ. ರಾಜ್‌ಕುಮಾರ್ ಸಾರಾಯಿಯ ವಿರುದ್ಧ ನಿಲ್ಲುವ ‘ಜೀವನ ಚೈತ್ರ’ (1992) ಈ ಮನೋಧರ್ಮದ್ದೇ ಚಿತ್ರ.

ನಶೆಯ ಹೊಸ ಹಾಸ್ಯ ಮಾಡಿದ ಮೊದಲ ಕೆಲಸವೆಂದರೆ ಆ ಮನೆಯನ್ನು ಕಥೆಯಿಂದ ಹೊರಗಿಟ್ಟದ್ದು. ನಿತಿನ್ ಕೃಷ್ಣಮೂರ್ತಿ ನಿರ್ದೇಶನದ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ (2023) ಚಿತ್ರದಲ್ಲಿ ವಾರ್ಡನ್ ಸತ್ತು ಬಿದ್ದಿದ್ದಾನೆ, ಅವನ ಚೀಟಿಯಲ್ಲಿ ಹುಡುಗರ ಹೆಸರುಗಳಿವೆ. ಆ ಸಾವನ್ನು ಅಪಘಾತವೆಂದು ತೋರಿಸಲು ಒಂದಿಡೀ ರಾತ್ರಿ ಹಾಸ್ಟೆಲ್ಲೇ ಒದ್ದಾಡುತ್ತದೆ. ಓಡುವ ಕ್ಯಾಮೆರಾ, ಒಬ್ಬರ ಮೇಲೊಬ್ಬರು ಬೀಳುವ ಮಾತು, ಹುಡುಗರದ್ದೇ ಆದ ಭಾಷೆ ಎಲ್ಲ ಸೇರಿ ನಗು ನಿಲ್ಲುವುದಿಲ್ಲ. ಕನ್ನಡದ ಮಟ್ಟಿಗೆ ಅದೊಂದು ಹೊಸ ಲಯ, ಅದನ್ನು ಮೆಚ್ಚಲೇಬೇಕು. ಆದರೆ ಆ ನಗು ಸಾಧ್ಯವಾಗುವುದು ಕಥೆ ಒಂದೇ ರಾತ್ರಿಯದಾಗಿರುವುದರಿಂದ. ಮರುದಿನ ಬಂದರೆ ಪೊಲೀಸರು ಬರುತ್ತಾರೆ, ಪೋಷಕರು ಬರುತ್ತಾರೆ, ಸತ್ತವನ ಮನೆಯವರು ಬರುತ್ತಾರೆ. ಆಗ ನಗುವುದು ಕಷ್ಟ.

ರಿಷಬ್ ಶೆಟ್ಟಿ ನಿರ್ದೇಶನದ ‘ಕಿರಿಕ್ ಪಾರ್ಟಿ’ (2016) ಇದಕ್ಕಿಂತ ಭಿನ್ನ. ಎಂಜಿನಿಯರಿಂಗ್ ಕಾಲೇಜಿನ ವರ್ಷಗಳೇ ಅದರ ಹರವು. ಮೊದಲರ್ಧದ ಪುಂಡಾಟ ಸಾನ್ವಿಯ ಸಾವಿನ ನಂತರ ಹಾಗೇ ಉಳಿಯುವುದಿಲ್ಲ. ಕರ್ಣ ಬಿರುಸಾಗುತ್ತಾನೆ, ಒಂಟಿಯಾಗುತ್ತಾನೆ. ಅಂದರೆ ಈ ಚಿತ್ರಕ್ಕೆ ಮರುದಿನವಿದೆ. ಅದಕ್ಕೆ ತೆತ್ತ ಬೆಲೆಯೂ ಇದೆ: ಹುಡುಗನೊಬ್ಬ ದೊಡ್ಡವನಾಗಲೆಂದು ಹುಡುಗಿಯೊಬ್ಬಳು ಸಾಯಬೇಕಾಯಿತು. ಹದಿನಾರರ ಹುಡುಗನೊಡನೆ ಈ ಚಿತ್ರದ ಬಗ್ಗೆ ಮಾತಾಡುವುದಾದರೆ ಬಿಯರ್ ಬಾಟಲಿಗಿಂತ ಮೊದಲು ಇದನ್ನೇ ಮಾತಾಡಬೇಕು.

ನಶೆಯ ಹಾಸ್ಯದ ಅತ್ಯಂತ ಪ್ರಸಿದ್ಧ ಉದಾಹರಣೆಯೊಂದು ನಮ್ಮ ಓದುಗರಿಗೆ ವಿಚಿತ್ರವಾಗಿ ಹತ್ತಿರದ್ದು. ‘ಹೆರಾಲ್ಡ್ ಅಂಡ್ ಕುಮಾರ್ ಗೋ ಟು ವೈಟ್ ಕ್ಯಾಸಲ್’ (2004) ಚಿತ್ರದ ಕುಮಾರ್ ಭಾರತೀಯ ಮೂಲದ ಹುಡುಗ. ಮಗ ಡಾಕ್ಟರೇ ಆಗಬೇಕೆಂಬುದು ಅಪ್ಪನ ಹಟ. ಮೆಡಿಕಲ್ ಕಾಲೇಜಿನ ಸಂದರ್ಶನವನ್ನು ಬೇಕೆಂದೇ ಕೆಡಿಸಿಕೊಳ್ಳುವುದು ಮಗನ ಉಪಾಯ. ನೀಟ್ ಅಂಕಗಳನ್ನೇ ಉಸಿರಾಡುವ ಊರಿನ ಪಿಯು ವಿದ್ಯಾರ್ಥಿಗೆ ಈ ಕುಮಾರನನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ಗಾಂಜಾ ಸೇದಿ ಹಸಿದ ಕುಮಾರ್ ಮತ್ತು ಅವನ ಕೊರಿಯನ್ ಮೂಲದ ಗೆಳೆಯ ಹೆರಾಲ್ಡ್ ಬರ್ಗರ್ ಹುಡುಕಿಕೊಂಡು ಹೊರಡುವುದೇ ಕಥೆ. ಆದರೆ ಆ ರಾತ್ರಿ ಅವರನ್ನು ಕಾಡುವುದು ನಶೆಗಿಂತ ಹೆಚ್ಚಾಗಿ ಅವರ ಮೈಬಣ್ಣ. ಪೊಲೀಸ್ ಠಾಣೆಯಲ್ಲಿ ಹೆರಾಲ್ಡ್ ಜೊತೆಗೆ ಬಂಧಿಯಾಗಿರುವ ಕಪ್ಪು ಮನುಷ್ಯ ತಪ್ಪೇನೂ ಮಾಡದೆ ಒಳಗಿದ್ದಾನೆ, ಶಾಂತವಾಗಿ ಪುಸ್ತಕ ಓದುತ್ತಿದ್ದಾನೆ. ಆ ದೃಶ್ಯದಲ್ಲಿ ನಗುತ್ತ ನಗುತ್ತ ಅಮೆರಿಕವೊಂದು ಕಾಣುತ್ತದೆ. ಅದೇ ಚಿತ್ರದಲ್ಲಿ ಹೆಣ್ಣುಗಳು ಮಾತ್ರ ಬಹುತೇಕ ಬರೀ ದೇಹಗಳಾಗಿ ಬರುತ್ತಾರೆ. ಹದಿಹರೆಯದವರ ಕೈಗೆ ಈ ಚಿತ್ರ ಕೊಡಲು ಹಿಂಜರಿಕೆಯಾಗುವುದಾದರೆ ನನಗೆ ಆಗುವುದು ಹೊಗೆಯಿಂದಲ್ಲ, ಇದರಿಂದ.

ಇನ್ನೊಂದು ವಿಷಯವನ್ನು ತೆರೆಯ ಮೇಲಿನ ನಗು ಹೇಳುವುದಿಲ್ಲ. ಆ ಕಥೆ ನಡೆಯುವ ನ್ಯೂಜೆರ್ಸಿಯಲ್ಲಿ 2021ರಿಂದ ವಯಸ್ಕರಿಗೆ ಗಾಂಜಾ ಕಾನೂನುಬದ್ಧ. ನಮ್ಮಲ್ಲಿರುವುದು 1985ರ ಎನ್‌ಡಿಪಿಎಸ್ ಕಾಯ್ದೆ. ಅದರ ಪ್ರಕಾರ ‘ಅಲ್ಪ ಪ್ರಮಾಣ’ದ ಗಾಂಜಾ ಇಟ್ಟುಕೊಂಡಿದ್ದರೂ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹದಿನೆಂಟು ತುಂಬಿದ ವಿದ್ಯಾರ್ಥಿಯ ಮೇಲೆ ಅಂಥದೊಂದು ಕೇಸಾದರೆ ಪಾಸ್‌ಪೋರ್ಟು, ನೌಕರಿಗಳ ಬಾಗಿಲಲ್ಲೂ ಅದು ಅಡ್ಡ ಬರಬಹುದು. ಕುಮಾರನಿಗೆ ಒಂದು ರಾತ್ರಿಯ ಪೇಚು ಮಾತ್ರ. ಅವನನ್ನು ನೋಡಿ ನಗುವ ನಮ್ಮ ಹುಡುಗನಿಗೆ ಅದು ಹಲವು ವರ್ಷಗಳ ಕೋರ್ಟು ಅಲೆದಾಟವಾದೀತು.

ಹಾಗಾದರೆ ಸರ್ಟಿಫಿಕೇಟು ಏನು ಮಾಡುತ್ತದೆ? 2023ರ ತಿದ್ದುಪಡಿಯ ನಂತರ ಯುಎ ದರ್ಜೆ 7+, 13+, 16+ ಎಂದು ಮೂರಾಗಿದೆ. ಇದು ಒಳ್ಳೆಯ ಹೆಜ್ಜೆ, ಆದರೆ ಪೋಷಕರಿಗೆ ಕೊಟ್ಟ ಸಲಹೆ ಮಾತ್ರ. ತಂಬಾಕಿನ ದೃಶ್ಯ ಬಂದಾಗ ತೆರೆಯ ಕೆಳಗೆ ಎಚ್ಚರಿಕೆಯ ಸಾಲು ಮೂಡಬೇಕೆಂಬ ನಿಯಮ 2012ರಿಂದ ಇದೆ. ಹುಡುಗರು ಇಂದು ಆ ಸಾಲನ್ನು ಓದುವುದಿಲ್ಲ, ಅಣಕಿಸುತ್ತಾರೆ. ದೃಶ್ಯದಲ್ಲಿ ಏನಿದೆ ಎಂದು ಎಣಿಸುವುದು ಮಂಡಳಿಗೆ ಸಾಧ್ಯ. ದೃಶ್ಯದಿಂದ ಏನನ್ನು ಬಿಟ್ಟಿದ್ದಾರೆ ಎಂದು ಎಣಿಸುವುದು ಅದಕ್ಕೆ ಸಾಧ್ಯವಿಲ್ಲ.

ನಶೆಯ ಹಾಸ್ಯದ ಅರ್ಧ ಇರುವುದು ಆ ಬಿಟ್ಟ ಭಾಗದಲ್ಲೇ. ಕುಡಿತ ಒಂದು ಮನೆಯನ್ನು ಏನು ಮಾಡುತ್ತದೆಂದು ಕಂಡ ವಯಸ್ಕ ಪ್ರೇಕ್ಷಕ ತೆರೆಯ ಮೇಲಿಲ್ಲದ ಮನೆಯನ್ನು ತಾನೇ ತುಂಬಿಕೊಂಡು ನಗುತ್ತಾನೆ. ಹನ್ನೆರಡು ಹದಿಮೂರರ ಮಗುವಿನ ಬಳಿ ತುಂಬಿಕೊಳ್ಳಲು ಅಂಥ ಅನುಭವವಿರುವುದಿಲ್ಲ. ತೋರಿಸಿದ್ದೇ ಅದಕ್ಕೆ ಪೂರ್ತಿ ಚಿತ್ರ. ಕೆಲವು ಮಕ್ಕಳ ಬಳಿ ಆ ಅನುಭವ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ: ರಾತ್ರಿ ಅಪ್ಪ ಬರುವ ಸದ್ದಿಗೆ ಕಿವಿಗೊಟ್ಟು ಮಲಗಿದ ಮಕ್ಕಳಿಗೆ. ತರಗತಿಯೆಲ್ಲ ನಗುವಾಗ ಅವರು ಸುಮ್ಮನಿರುತ್ತಾರೆ. ‘ಇಂದಿನ ಮಕ್ಕಳಿಗೆ ಎಲ್ಲ ಗೊತ್ತು’ ಎನ್ನುವವರು ಇವರಿಬ್ಬರನ್ನೂ ಮರೆಯುತ್ತಾರೆ. ಮಕ್ಕಳಿಗೆ ಹೆಸರುಗಳು ಗೊತ್ತಿರಬಹುದು, ಬೆಲೆ ಗೊತ್ತಿರಬೇಕೆಂದೇನಿಲ್ಲ.

ಆದ್ದರಿಂದ ನನ್ನ ಉತ್ತರ ಇದು. ಹದಿಮೂರಕ್ಕೆ ಬೇಡ. ಹದಿನಾರರ ನಂತರ ‘ಕಿರಿಕ್ ಪಾರ್ಟಿ’ಯನ್ನೋ ‘ಹಾಸ್ಟೆಲ್ ಹುಡುಗರು’ ಚಿತ್ರವನ್ನೋ ನೋಡಲಿ, ಸಾಧ್ಯವಾದರೆ ಮನೆಯಲ್ಲಿ ದೊಡ್ಡವರ ಜೊತೆ ಕೂತೇ ನೋಡಲಿ. ಕುಮಾರನ ಕಥೆ ಹದಿನೆಂಟರವರೆಗೆ ಕಾಯಬಹುದು. ಅಮೆರಿಕದಲ್ಲೂ ಅದು ಹದಿನೇಳರೊಳಗಿನವರು ಹಿರಿಯರ ಜೊತೆಗಷ್ಟೇ ನೋಡಬಹುದಾದ ‘ಆರ್’ ದರ್ಜೆಯ ಚಿತ್ರ. ಜೊತೆಗೆ ಕೂತ ಹಿರಿಯರು ನಡುನಡುವೆ ಚಿತ್ರ ನಿಲ್ಲಿಸಿ ಬುದ್ಧಿ ಹೇಳಬೇಕಿಲ್ಲ, ಅವರೂ ನಗಲಿ. ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದರೆ ಸಾಕು: ಮರುದಿನ ಬೆಳಿಗ್ಗೆ ಇವರ ಮನೆಯಲ್ಲಿ ಏನಾಗಿರಬಹುದು? ಹುಡುಗರು ಅದಕ್ಕೆ ಕಟ್ಟುವ ಕಥೆ ಕೆಲವೊಮ್ಮೆ ಮೂಲ ಚಿತ್ರಕ್ಕಿಂತ ಚೆನ್ನಾಗಿರುತ್ತದೆ.