ಪ್ರವಾಸಿಯ ಅನಿಸಿಕೆ ಮತ್ತು ನಿಸರ್ಗಾನುಭವ: ಜೋಗದ ನಿದರ್ಶನ

ನಿಸರ್ಗತಾಣಗಳಿಗೆ ಹೋಗಿಬಂದವರು ಅಂತರ್ಜಾಲದಲ್ಲಿ ಬರೆದಿಡುವ ಅನಿಸಿಕೆಗಳನ್ನು ಸಂಶೋಧನೆಯ ಸಾಮಗ್ರಿಯಾಗಿ ಬಳಸುವ ಪದ್ಧತಿ ಈಚೆಗೆ ಬೆಳೆದಿದೆ. ಪ್ರಶ್ನಾವಳಿ ಹಿಡಿದು ಹೋದವನಿಗೆ ದೊರೆಯುವುದು ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ. ಇಲ್ಲಿಯಾದರೋ ಪ್ರವಾಸಿಯು ತನಗೆ ಮುಖ್ಯವೆಂದು ತೋರಿದುದನ್ನು ತನ್ನ ಮಾತಿನಲ್ಲಿಯೇ ಹೇಳುತ್ತಾನೆ. ಈ ಗುಣವನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಬರಹಗಳನ್ನು ಓದುವ ಕ್ರಮ ಯಾವುದು ಎಂಬುದು ವಿಚಾರಾರ್ಹವಾದ ಸಂಗತಿ.

ಜೋಗವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಶರಾವತಿಯು ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ 253 ಮೀಟರಿನಷ್ಟು ಆಳಕ್ಕೆ ಧುಮುಕುವ ಸ್ಥಳವಿದು. ಶ್ರಾವಣದ ಮಳೆಯಲ್ಲಿ ಹೋದವನಿಗೆ ಭೋರ್ಗರೆತ ಕೇಳುತ್ತದೆ, ಕೆಲವೊಮ್ಮೆ ಮಂಜು ಮಾತ್ರ ಕಾಣುತ್ತದೆ. ಚೈತ್ರದಲ್ಲಿ ಹೋದವನು ಕಾಣುವುದು ಬರಿಯ ಬಂಡೆಯನ್ನು, ಅದರ ಮೇಲಿಳಿಯುವ ನೀರಿನ ಎಳೆಯನ್ನು. ಒಬ್ಬನು ಐದು ನಕ್ಷತ್ರಗಳನ್ನಿತ್ತು ಮತ್ತೊಬ್ಬನು ಎರಡನ್ನಿತ್ತರೆ ಸರಾಸರಿ ಮೂರೂವರೆಯಾಗುತ್ತದೆ. ಈ ಮೂರೂವರೆಯ ಜೋಗವನ್ನು ಕಂಡವರು ಯಾರೂ ಇಲ್ಲ.

ಇನ್ನೊಂದು ತೊಡಕು ಭಾಷೆಯದು. ಕೆಟ್ಟ ರಸ್ತೆ, ವಾಹನಗಳ ದಟ್ಟಣೆ, ಶೌಚಾಲಯದ ಅವ್ಯವಸ್ಥೆ ಇವುಗಳನ್ನು ಹೇಳುವುದು ಸುಲಭ. ಕಣಿವೆಯ ಅಂಚಿನಲ್ಲಿ ನಿಂತಾಗ ಆದುದನ್ನು ಹೇಳುವುದು ಕಷ್ಟ. ಪದಗಳನ್ನು ಎಣಿಸುವವನು ಆಡಿದ ಮಾತನ್ನು ಎಣಿಸಬಲ್ಲನು. ಮಾತು ನಿಂತ ಗಳಿಗೆಯನ್ನು ಎಣಿಸಲಾರನು.

ಇವೆಲ್ಲಕ್ಕಿಂತ ಗಂಭೀರವಾದುದು ‘ನೀರಿಲ್ಲ’ ಎಂಬ ದೂರಿನ ಪ್ರಶ್ನೆ. ಇದು ಕೇವಲ ಋತುಧರ್ಮವಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ನದಿಯನ್ನು ಜಲಪಾತದ ಮೇಲ್ಗಡೆಯೇ ತಡೆದು ವಿದ್ಯುದುತ್ಪಾದನೆಗೆ ತಿರುಗಿಸಿತು. ಅದರ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಕುಟುಂಬಗಳು ಗದ್ದೆ ತೋಟಗಳನ್ನು ತೊರೆದು ಒಕ್ಕಲೆದ್ದವು. ಬಂಡೆ ಒಣಗಿರುವುದರ ಅರ್ಥವನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಅವರು ಜೋಗಕ್ಕೆ ಪ್ರವಾಸಿಗಳಲ್ಲ. ಆದುದರಿಂದ ಅನಿಸಿಕೆ ಬರೆಯುವವರ ಸಾಲಿನಲ್ಲಿ ಅವರನ್ನು ನಿರೀಕ್ಷಿಸುವಂತಿಲ್ಲ. ದೂರುಗಳ ಸಂಖ್ಯೆಯನ್ನೇ ನೆಚ್ಚಿ, ವರ್ಷವಿಡೀ ನೀರು ಧುಮುಕುವಂತೆ ಮಾಡಬೇಕೆಂದು ತೀರ್ಮಾನಿಸಿದರೆ ಪ್ರವಾಸಿಯ ಆಸೆಗೆ ಮನ್ನಣೆ ದೊರೆತೀತು. ನದಿಯ ಕಥೆ ಮರೆತುಹೋದೀತು.

ಹಾಗೆಂದು ಈ ಸಾಮಗ್ರಿ ತ್ಯಾಜ್ಯವೆಂದಲ್ಲ. ಅನಿಸಿಕೆಗಳನ್ನು ನೋಡಿದ ತಿಂಗಳಿಗನುಸಾರವಾಗಿ ವಿಂಗಡಿಸಬೇಕು. ಮಳೆಯ ಮತ್ತು ಜಲಾಶಯದ ಮಟ್ಟದ ಲೆಕ್ಕಗಳೊಡನೆ ಇಟ್ಟು ನೋಡಬೇಕು. ಬರೆಯದವರನ್ನು ಅವರಿದ್ದಲ್ಲಿಗೆ ಹೋಗಿ ಕೇಳಬೇಕು. ಒಂದು ಪದ್ಯವನ್ನು ಓದುವಾಗ ಇದನ್ನು ನುಡಿದವರು ಯಾರು, ಯಾವ ಸಂದರ್ಭದಲ್ಲಿ, ಯಾರನ್ನು ಕುರಿತು ಎಂದು ವಿಚಾರಿಸುವ ನಾವು ಪ್ರವಾಸಿಯ ನಾಲ್ಕು ಸಾಲಿಗೂ ಅದೇ ನ್ಯಾಯವನ್ನು ಸಲ್ಲಿಸಬೇಡವೆ?