ಸೋಜಾ: ಕುಂಚಕ್ಕಿಂತ ಮೊದಲು ಗೆದ್ದ ಲೇಖನಿ

ಪ್ರೊಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಹುಸೇನ್, ಆಮೇಲೆ ರಜಾ. ಆದರೆ 1947ರಲ್ಲಿ ಮುಂಬೈಯಲ್ಲಿ ಆ ಗುಂಪನ್ನು ಕಟ್ಟಲು ಮುಂದಾದವರು, ಅದರ ಪ್ರಣಾಳಿಕೆ ಬರೆದವರು ಗೋವೆಯ ಸಾಲಿಗಾಂವ್‌ನ ಫ್ರಾನ್ಸಿಸ್ ನ್ಯೂಟನ್ ಸೋಜಾ. ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೆ.ಜೆ. ಕಲಾಶಾಲೆಯಿಂದ ಹೊರಬಿದ್ದವರು, ಕಮ್ಯುನಿಸ್ಟ್ ಪಕ್ಷ ಸೇರಿ, ಅದರ ಕಟ್ಟುಪಾಡಿಗೂ ಒಗ್ಗದೆ ಹೊರಬಂದವರು. 1949ರಲ್ಲಿ ಅವರು ಲಂಡನ್ನಿಗೆ ಹೊರಟರು. ಮರುವರ್ಷ ರಜಾ ಪ್ಯಾರಿಸ್ಸಿಗೆ, ಆಮೇಲೆ ಗುಂಪಿನ ಇನ್ನೊಬ್ಬ ಸದಸ್ಯ ಬಾಕ್ರೆಯೂ ಲಂಡನ್ನಿಗೆ. ಹಾಗಾಗಿ ಈ ಪಂಥದ ಅರ್ಧ ಚರಿತ್ರೆ ನಡೆದಿದ್ದೇ ಹೊರದೇಶದಲ್ಲಿ. ಗುಂಪಿಗೆ ಸೇರದ ನಮ್ಮ ಕೆ.ಕೆ. ಹೆಬ್ಬಾರರೂ ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಕಲಿತು ಬಂದರು. ಬಂದರು ಎನ್ನುವುದೇ ವ್ಯತ್ಯಾಸ.

ಲಂಡನ್ನಿನ ಮೊದಲ ವರ್ಷಗಳಲ್ಲಿ ಸೋಜಾರ ಚಿತ್ರಗಳನ್ನು ಕೇಳುವವರಿರಲಿಲ್ಲ. ಹೆಂಡತಿ ಮರಿಯಾರ ದುಡಿಮೆಯಲ್ಲಿ ಮನೆ ನಡೆಯುತ್ತಿತ್ತು. ಬಾಗಿಲು ತೆರೆದದ್ದು ಗದ್ಯ. ಸ್ಟೀಫನ್ ಸ್ಪೆಂಡರ್ ಸಂಪಾದಕತ್ವದ ‘ಎನ್‌ಕೌಂಟರ್’ ಪತ್ರಿಕೆಯಲ್ಲಿ 1955ರಲ್ಲಿ ಅವರ ಆತ್ಮಕಥನದ ಪ್ರಬಂಧ ‘ನಿರ್ವಾಣ ಆಫ್ ಎ ಮ್ಯಾಗಟ್’ ಬಂತು. ಅದೇ ವರ್ಷ ವಿಕ್ಟರ್ ಮಸ್‌ಗ್ರೇವ್ ಅವರ ಗ್ಯಾಲರಿ ವನ್‌ನಲ್ಲಿ ಪ್ರದರ್ಶನ, ಚಿತ್ರಗಳೆಲ್ಲ ಮಾರಾಟ. (ಆ ಪತ್ರಿಕೆಗೆ ಅಮೆರಿಕದ ಸಿಐಎ ಹಣ ಬರುತ್ತಿತ್ತೆಂದು 1967ರಲ್ಲಿ ಬಯಲಾಯಿತು. ಮಾಜಿ ಕಮ್ಯುನಿಸ್ಟನಿಗೆ ಅದೃಷ್ಟ ಒಲಿದ ದಾರಿ ನೋಡಿ!)

ಹೀಗೆ ಬರಹದ ಬೆನ್ನಿಗೆ ಬಂದ ಕೀರ್ತಿಗೆ ತೆತ್ತ ಬೆಲೆಯೂ ಇದೆ. 1959ರ ‘ವರ್ಡ್ಸ್ ಆ್ಯಂಡ್ ಲೈನ್ಸ್’ ಪುಸ್ತಕದಲ್ಲಿ ಸಿಡುಬಿನ ಬಾಲ್ಯ, ಹೊಲಿಗೆಯಿಂದ ಮಗನನ್ನು ಸಾಕಿದ ತಾಯಿ, ಮಗು ಉಳಿದರೆ ಪಾದ್ರಿ ಮಾಡುತ್ತೇನೆಂದು ಆಕೆ ಸಂತ ಫ್ರಾನ್ಸಿಸ್ ಕ್ಸೇವಿಯರನಿಗೆ ಹೊತ್ತ ಹರಕೆ ಎಲ್ಲವೂ ಇವೆ. ವಿಮರ್ಶಕರು ಇವನ್ನು ಓದಿ, ಪ್ರತಿ ಚಿತ್ರಕ್ಕೂ ಕೀಲಿಕೈ ಸಿಕ್ಕಿತೆಂದು ಕುಳಿತುಬಿಟ್ಟರು. ಗಾಯಗೊಂಡ ಕ್ಯಾಥೊಲಿಕ್ ಹುಡುಗನ ಸೇಡು ಎಂದು ಷರಾ ಬರೆದು ಮುಗಿಸಿದರು. ಆ ಕಥೆಯನ್ನು ಚಿತ್ರಕಾರನೇ ರೂಪಿಸಿ ಕೈಗಿತ್ತಿದ್ದ ಎಂಬುದನ್ನು ಮಾತ್ರ ಮರೆತರು.

ಚಿತ್ರದ ಮುಂದೆ ನಿಂತರೆ ಬೇರೆಯೇ ಕಾಣುತ್ತದೆ. ಈಗ ಟೇಟ್ ಸಂಗ್ರಹದಲ್ಲಿರುವ 1959ರ ‘ಕ್ರೂಸಿಫಿಕ್ಷನ್’ನಲ್ಲಿ ಕ್ರಿಸ್ತ ಕಪ್ಪು, ಮೈಯನ್ನು ಕಟ್ಟಿರುವುದೇ ಮುಳ್ಳಿನಂಥ ಗೆರೆಗಳು. ಕರುಣೆಗೆ ಅಲ್ಲಿ ಜಾಗವಿಲ್ಲ. ಪಿಕಾಸೊ, ರುವೊ ಇವರಿಂದ ಎರವಲು ತಂದದ್ದೆಂಬ ದೂರು ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಆದರೆ ಪೋರ್ಚುಗೀಸ್ ಗೋವೆಯ ಇಗರ್ಜಿಗಳಲ್ಲಿ ರಕ್ತ ಸುರಿಸುವ ಪ್ರತಿಮೆಗಳನ್ನು ನೋಡುತ್ತ ಬೆಳೆದವನಿಗೆ ಈ ವಸ್ತುವನ್ನು ಯುರೋಪಿನಿಂದ ಸಾಲ ತರುವ ಅಗತ್ಯವಿರಲಿಲ್ಲ. ಊರು ಬಿಟ್ಟ ಮೇಲೆ ಸಾಲಿಗಾಂವ್ ಅವರ ಚಿತ್ರಗಳಲ್ಲಿ ಮಸುಕಾಗಲಿಲ್ಲ, ಇನ್ನಷ್ಟು ಗಟ್ಟಿಯಾಯಿತು. ಶಾಂತ, ಧ್ಯಾನಸ್ಥ ಭಾರತವನ್ನು ಬಯಸಿದ ಲಂಡನ್ನಿನ ಮುಂದೆ ಅವರು ಹಲ್ಲು ಕಿರಿಯುವ ಬಿಷಪ್‌ಗಳನ್ನು ಇಟ್ಟರು.

ನನಗೆ ಅವರ ಶಿಖರ 1966ರಲ್ಲಿ ಗ್ರೋವನರ್ ಗ್ಯಾಲರಿಯಲ್ಲಿ ತೋರಿಸಿದ ಕಪ್ಪು ಚಿತ್ರಗಳು. ಕಪ್ಪಿನ ಮೇಲೆ ಕಪ್ಪು, ದಪ್ಪನೆಯ ಬಣ್ಣ. ನೇರ ನಿಂತರೆ ಏನೂ ತೋರದು. ಒಂದು ಪಕ್ಕಕ್ಕೆ ಸರಿದಾಗ, ಬೆಳಕು ಬಣ್ಣದ ಏರುತಗ್ಗಿಗೆ ತಾಗಿ, ಮುಖವೋ ಊರಿನ ಮನೆಸಾಲೋ ಮೇಲೇಳುತ್ತದೆ. ಇನ್ನೊಂದು ಹೆಜ್ಜೆಗೆ ಮುಳುಗುತ್ತದೆ. ಬರೆದು ವಿವರಿಸಲು, ಅಚ್ಚು ಹಾಕಲು ಒಗ್ಗದ ಚಿತ್ರಗಳಿವು. ಮಾತುಗಾರ ಸೋಜಾ ಇಲ್ಲಿ ಬಾಯಿಮುಚ್ಚಿದ್ದಾರೆ.

ಅವರ ನಗ್ನ ಹೆಣ್ಣುಗಳ ಬಗ್ಗೆ ಅಭಿಮಾನಿಗಳು ಹೇಳುವ ಖಜುರಾಹೊ, ಮಥುರೆಯ ಶಿಲ್ಪಪರಂಪರೆಯ ಸಮರ್ಥನೆ ನನಗೆ ಒಪ್ಪಿಗೆಯಿಲ್ಲ. ಗೆರೆಯ ಬಿಗಿ ನಿಜ, ಆದರೆ ಎಷ್ಟೋ ಕಡೆ ಅದು ಹೆಣ್ಣಿನ ಮೈಮೇಲೆ ತೀರಿಸಿಕೊಂಡ ಸಿಟ್ಟು. ಅಲ್ಲಿನ ಶಿಲ್ಪಿಗಳು ಹೆಣ್ಣಿನ ಮೈಗೆ ಕೊಟ್ಟ ನಿರಾತಂಕ ಇಲ್ಲಿಲ್ಲ.

1967ರಲ್ಲಿ ನ್ಯೂಯಾರ್ಕಿಗೆ ಹೋದ ಮೇಲೆ ಇಳಿಜಾರು. ಪತ್ರಿಕೆಗಳ ಅಚ್ಚಾದ ಪುಟಗಳ ಮೇಲೆ ರಾಸಾಯನಿಕ ಸವರಿ, ಶಾಯಿ ಕರಗಿಸಿ ಮಾಡಿದ ಚಿತ್ರಗಳಲ್ಲಿ ಚುರುಕುತನವಿದೆ; ಆದರೆ ಸಂಖ್ಯೆ ವಿಪರೀತ. 2002ರಲ್ಲಿ ಮುಂಬೈಯಲ್ಲಿ ತೀರಿಕೊಂಡಾಗ ಸೋಜಾ ದೊಡ್ಡ ಬೆಲೆಯ ಕಲಾವಿದರಾಗಿರಲಿಲ್ಲ. 1955ರ ‘ಬರ್ತ್’ ಚಿತ್ರ 2015ರ ಹರಾಜಿನಲ್ಲಿ 40 ಲಕ್ಷ ಡಾಲರ್ ದಾಟಿತು. ಅಂದಿನಿಂದ ಕ್ಯಾಟಲಾಗುಗಳು ಆ ಬೆಲೆಯ ಬೆಳಕಿನಲ್ಲಿಯೇ ನ್ಯೂಯಾರ್ಕಿನ ಅವಸರದ ಹಾಳೆಗಳನ್ನೂ ಮೇರುಕೃತಿಗಳೆಂದು ಮಾರುತ್ತಿವೆ.