ಶಿಲುಬೆಯ ಮೇಲೆ ಸಂಸ್ಕೃತ

ಪಂಡಿತಾ ರಮಾಬಾಯಿಯವರ ಧೈರ್ಯ ಎಂದಾಗಲೆಲ್ಲ ಮಾತು ಅವರ ಮತಾಂತರಕ್ಕೇ ಹೋಗಿ ನಿಲ್ಲುತ್ತದೆ. ಕಾರ್ಕಳದ ಬಳಿಯ ಮಾಳದ ಅನಂತ ಶಾಸ್ತ್ರಿ ಡೋಂಗ್ರೆಯವರ ಮಗಳು, ಪುರಾಣ ಹೇಳುತ್ತ ದೇಶ ಸುತ್ತಿದವರು, 1883ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಇಲ್ಲಿ ಗದ್ದಲವೆದ್ದಿತು. ಆದರೆ ಅವರ ಪತ್ರಗಳನ್ನು ಓದಿದ ಮೇಲೆ ನನಗನ್ನಿಸುವುದು ಬೇರೆ. ಕ್ರೈಸ್ತರಾಗುವುದಕ್ಕಿಂತ ಹೆಚ್ಚಿನ ಎದೆಗಾರಿಕೆ ಅವರಿಗೆ ಬೇಕಾದದ್ದು ಕ್ರೈಸ್ತರಾದ ಮೇಲೆ, ದೀಕ್ಷೆ ಕೊಡಿಸಿದವರಿಗೇ ಎದುರುತ್ತರ ಕೊಡುವಾಗ.

'ಲೆಟರ್ಸ್ ಆಂಡ್ ಕರೆಸ್ಪಾಂಡೆನ್ಸ್ ಆಫ್ ಪಂಡಿತಾ ರಮಾಬಾಯಿ' ಮುಂಬೈಯಿಂದಲೇ, ಮಹಾರಾಷ್ಟ್ರ ರಾಜ್ಯ ಸಾಹಿತ್ಯ ಸಂಸ್ಕೃತಿ ಮಂಡಳಿಯಿಂದ, 1977ರಲ್ಲಿ ಹೊರಬಂತು. ಸಂಪಾದಕರು ಎ.ಬಿ. ಶಾ. ಪತ್ರಗಳನ್ನು ಕೂಡಿಹಾಕಿದವರು ಮಾತ್ರ ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್, ಎಂದರೆ ರಮಾಬಾಯಿ ಯಾರೊಡನೆ ಜಗಳವಾಡಿದರೋ ಅವರೇ! ಶಿಷ್ಯೆಯದು ಅಹಂಕಾರವೆಂದು ಸಿಸ್ಟರ್‌ಗೆ ಅನ್ನಿಸಿತ್ತು. ಆದರೂ ಕಾಗದಗಳನ್ನು ಹರಿದೆಸೆಯಲಿಲ್ಲ. ಅದಕ್ಕೆ ನಾವು ಋಣಿಗಳು.

ಜಗಳಗಳು ನೋಡಲು ಸಣ್ಣವು. ಸಿಸ್ಟರುಗಳ ಶಿಲುಬೆಯ ಮೇಲಿದ್ದ ಬರಹ ಲ್ಯಾಟಿನ್. ನನಗೂ ನನ್ನ ನಾಡಿನ ಹೆಂಗಸರಿಗೂ ತಿಳಿಯದ ಆ ಭಾಷೆ ಯಾಕೆ, ಸಂಸ್ಕೃತದಲ್ಲಿರಲಿ ಎಂದರು ರಮಾಬಾಯಿ. ತಿನ್ನುವುದರಲ್ಲಿಯೂ ತಕರಾರು: ಅವರು ಸಸ್ಯಾಹಾರ ಬಿಡಲಿಲ್ಲ. ಗಂಡುಮಕ್ಕಳಿಗೆ ಪಾಠ ಹೇಳುವುದು ಬೇಡವೆಂದು ಮುಂಬೈ ಮತ್ತು ಲಾಹೋರಿನ ಬಿಷಪ್ಪರು ತಡೆದಾಗ, ಭಾರತದಲ್ಲಿ ಗಂಡಸರ ಸಭೆಗಳಲ್ಲೇ ಮಾತಾಡಿದವಳು ನಾನು ಎಂದು ನೆನಪಿಸಿದರು. ತ್ರಿಯೇಕತ್ವವನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಒಂದು ಪುರೋಹಿತ ವರ್ಗದ ನೊಗವನ್ನು ಕಷ್ಟಪಟ್ಟು ಕಳಚಿದವಳು ಇನ್ನೊಂದಕ್ಕೆ ಕುತ್ತಿಗೆ ಕೊಡೆನು ಎಂಬುದು ವಾದದ ತಿರುಳು.

ಇದನ್ನೆಲ್ಲ ಬರೆದವರು ಇಪ್ಪತ್ತೈದರ ಆಸುಪಾಸಿನ ವಿಧವೆ, ಕಂಕುಳಲ್ಲಿ ಮಗು ಮನೋರಮಾ, ಮಂದವಾಗುತ್ತಿದ್ದ ಕಿವಿ. ಉಣ್ಣುತ್ತಿದ್ದ ಅನ್ನ ಅವರದು, ಕಲಿಯುತ್ತಿದ್ದ ಇಂಗ್ಲಿಷೂ ಅವರದು. ಈ ಊರಲ್ಲಿ ಪೇಯಿಂಗ್ ಗೆಸ್ಟ್ ಆಗಿ ಇದ್ದವರಿಗೆ ಗೊತ್ತು, ಅಡುಗೆಮನೆ ಯಾರದೋ ಅವರೆದುರು 'ಒಲ್ಲೆ' ಎನ್ನುವ ಕಷ್ಟ. ಅವರು ಒಲ್ಲೆ ಎಂದರು, ನಂಬಿಕೆಯನ್ನು ಮಾತ್ರ ಬಿಡಲಿಲ್ಲ. ಬಿಟ್ಟಿದ್ದರೆ ಎಲ್ಲ ಸುಲಭವಾಗುತ್ತಿತ್ತು.

1907ರ ಅವರ ಸಾಕ್ಷ್ಯಕಥನ ಹೆಚ್ಚು ಪ್ರಸಿದ್ಧ. ಅಲ್ಲಿ ಎಲ್ಲವೂ ದೇವರು ನಡೆಸಿದ ದಾರಿಯಾಗಿ ನುಣುಪಾಗಿಬಿಟ್ಟಿದೆ. ನನಗೆ ಪತ್ರಗಳ ಒರಟೇ ಹೆಚ್ಚು ಪ್ರಿಯ.

ಪತ್ರಗಳ ಬೆಳಕಿನಲ್ಲೇ ಮುಂದಿನದನ್ನು ನೋಡಿದರೆ ಒಂದು ಇರುಸುಮುರುಸು. 1889ರ ಮಾರ್ಚ್ 11ರಂದು ಚೌಪಾಟಿಯಲ್ಲಿ ಬಾಲವಿಧವೆಯರಿಗಾಗಿ ಅವರು ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಹೋಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದವರು ಸಲಹಾ ಮಂಡಳಿಯಿಂದ ಹೊರನಡೆದರು. ಹುಡುಗಿಯರನ್ನು ಕ್ರೈಸ್ತರಾಗಿಸುತ್ತಿದ್ದಾರೆಂಬುದು ದೂರು. ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತೇನೆ, ಯಾರನ್ನೂ ಕರೆಯುವುದಿಲ್ಲ ಎಂಬುದು ರಮಾಬಾಯಿಯವರ ನಿಲುವು. ಬಾಗಿಲು ಮುಚ್ಚಿ ಪ್ರಾರ್ಥಿಸಲು ಒಪ್ಪದ್ದು ಧೈರ್ಯವೇ. ಆದರೆ ಸುಧಾರಕರ ಆತಂಕ ಬರೀ ಹಟವೆಂದು ನನಗನ್ನಿಸುವುದಿಲ್ಲ. ವಾಂಟೇಜಿನಲ್ಲಿ ಅನ್ನ ಹಾಕಿದವರ ಮಾತಿನ ಭಾರ ಹೊತ್ತವರು ಇಲ್ಲಿ ತಾವೇ ಅನ್ನ ಹಾಕುವವರು; ಆ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಹೋಗಲು ಬೇರೆ ಮನೆಯಿರಲಿಲ್ಲ. ಅವರಲ್ಲಿ ಯಾರು ಒಲ್ಲೆ ಎಂದರು, ಎಂದವರಿಗೆ ಏನು ಉತ್ತರ ಸಿಕ್ಕಿತು? ಅದನ್ನು ಈ ಸಂಪುಟದಾಚೆ ಹುಡುಕಬೇಕು.